ಕಾಲು ಡಾಕ್ಟ್ರು ಮತ್ತು ಡ್ರೈವರಮ್ಮ

"ಮುಂದಿನ ಸಲ ಈ ಗಾಲಿಕುರ್ಚಿ ತರಬೇಡಿ. ನಡೆದು ಬಂದ್ರೆ ನೋಡ್ತೀನಿ, ಇಲ್ಲಾಂದ್ರೆ ಇಲ್ಲ."

ಹೀಗೆ ಹೇಳಿದವನು ಫಿಸಿಯೋಥೆರಪಿಸ್ಟ್. ಬಡಾವಣೆಯವರ ಬಾಯಲ್ಲಿ ಕಾಲು ಡಾಕ್ಟ್ರು. ಹೇಳಿಸಿಕೊಂಡವಳು ಅಲ್ಲಿಗೆ ಹೊಸದಾಗಿ ಬಂದ ಬಸ್ ಡ್ರೈವರ್, ಅಪ್ಪನ ಕುರ್ಚಿ ತಳ್ಳಿಕೊಂಡು ಬಂದವಳು.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ನೀವೇ ಹೇಳಿ, ಉರಿಯದೆ ಇರುತ್ತದೆಯೇ?

"ನಡೆಯೋ ಹಾಗಿದ್ರೆ ನಿಮ್ಮ ಹತ್ರ ಯಾಕ್ರೀ ಬರ್ತಿದ್ವಿ?"

"ಎಕ್ಸ್-ರೇ ನೋಡಿದೆ. ಮೂಳೆ ಚೆನ್ನಾಗಿ ಕೂಡಿದೆ." ಅವನು ಬಾಗಿಲ ಕಡೆ ತಿರುಗಿದ. "ಸಿಸ್ಟರ್, ಮುಂದಿನವರನ್ನ ಕಳಿಸಿ."

ಅಷ್ಟೇ. ಅವನ ಕಣ್ಣುಗಳು ಮಾತ್ರ ಚೆನ್ನಾಗಿದ್ದವು. ಅದನ್ನು ತಾನು ಗಮನಿಸಿದೆನಲ್ಲ ಅಂತ ಅವಳಿಗೆ ಇನ್ನೂ ಸಿಟ್ಟು ಬಂತು.

ಈ ಊರಾಚೆಯ ಬಡಾವಣೆಗೆ ಬಂದ ಮೇಲೆ ಅವಳು ಅಲೆದ ಅಲೆದಾಟ ಯಾರಿಗೂ ಬೇಡ. ಆರೋಗ್ಯ ಕೇಂದ್ರಕ್ಕೆ ಹೋದರೆ, "ನಿಮ್ಮ ರಸ್ತೆಯ ಎಡಗಡೆ ಮಾತ್ರ ನಮಗೆ ಸೇರಿದ್ದು, ನಿಮ್ಮನೆ ಬಲಗಡೆ" ಅಂದರು. ಬಲಗಡೆಯವರ ಕೇಂದ್ರಕ್ಕೆ ಇನ್ನೂ ಗೋಡೆ ಕಟ್ಟುತ್ತಿದ್ದರು. ದೊಡ್ಡಾಸ್ಪತ್ರೆಗೆ ಫೋನ್ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಅಂತ ಹೇಳಿ ಹೇಳಿ ಕೊನೆಗೆ ಸಂಗೀತ ಹಾಕಿ ಸುಮ್ಮನಾಗುತ್ತಿತ್ತು. ಕಾಲು ಮುರಿದುಕೊಳ್ಳುವವರು ರಸ್ತೆಯ ಯಾವ ಪಕ್ಕ ಅಂತ ನೋಡಿಕೊಂಡು ಬೀಳಬೇಕಾ? ಕೊನೆಗೆ ಸಿಕ್ಕವನು ಈ ಮಹಾನುಭಾವ.

ಅವಳ ಸಂಕಟ ಬೇರೆಯೇ ಇತ್ತು. ಅಣ್ಣ ಫೋನಿನಲ್ಲಿ ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟಿದ್ದ.

"ತಿಂಗಳ ಕೊನೆಗೆ ಬರ್ತೀನಿ. ಅಷ್ಟರಲ್ಲಿ ಅಪ್ಪ ತಾನೇ ಓಡಾಡೋ ಹಾಗಾದ್ರೆ ಸರಿ. ಇಲ್ಲಾಂದ್ರೆ ನನ್ನ ಜೊತೆ ಕರ್ಕೊಂಡು ಹೋಗ್ತೀನಿ. ನೀನು ಬೆಳಗಿಂದ ಸಂಜೆ ತನಕ ಬಸ್ ಓಡಿಸ್ತೀಯ, ನೋಡ್ಕೊಳ್ಳೋರ್ಯಾರು?"

ಅಪ್ಪನಿಗೆ ಹೋಗಲು ಇಷ್ಟವಿರಲಿಲ್ಲ. ಅವಳಿಗೂ ಅಪ್ಪನಿಲ್ಲದ ಮನೆಗೆ ಬೀಗ ತೆಗೆದು ಒಳಗೆ ಹೋಗುವುದನ್ನು ನೆನೆಸಿಕೊಳ್ಳಲೂ ಆಗುತ್ತಿರಲಿಲ್ಲ. ಅದಕ್ಕೇ ಅಪ್ಪನನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದಳು. ನೀರಿನ ಲೋಟವನ್ನೂ ಕೈಗೇ ಕೊಟ್ಟಳು. ಬಚ್ಚಲಿಗೆ ಹೋಗುವಾಗ ರಟ್ಟೆ ಬಿಡಲಿಲ್ಲ.

ಒಂದು ಬೆಳಿಗ್ಗೆ ಬಸ್ಸು ತಮ್ಮ ರಸ್ತೆಗೆ ತಿರುಗಿತು. ಅವಳು ಬ್ರೇಕ್ ಒತ್ತಿದ ರಭಸಕ್ಕೆ ಪ್ರಯಾಣಿಕರೆಲ್ಲ ಮುಂದಕ್ಕೆ ವಾಲಿದರು.

ಬಿಸಿಲಲ್ಲಿ, ರಸ್ತೆಯ ಅಂಚಿನಲ್ಲಿ ಅಪ್ಪ. ಕುರ್ಚಿಯಿಲ್ಲ, ಕೋಲಿಲ್ಲ, ಮುಖದ ತುಂಬ ಬೆವರು. ಹಿಂದೆ ಕಾಲು ಡಾಕ್ಟ್ರು ಗಾಳಿ ಸೇವನೆಗೆ ಹೊರಟವನ ಥರ ಆರಾಮಾಗಿ ಬರುತ್ತಿದ್ದ.

ಅವಳು ಬಸ್ಸಿಂದ ಧುಮುಕಿ ಓಡಿದಳು.

"ಅವರನ್ನ ಮುಟ್ಟಬೇಡಿ," ಅಂದ ಅವನು.

ಏನಂದ? ನನ್ನಪ್ಪನನ್ನ ನಾನು ಮುಟ್ಟಬಾರದಾ? ಅವಳು ಅಪ್ಪನ ರಟ್ಟೆಯನ್ನು ಗಬಕ್ಕನೆ ಹಿಡಿದಳು. ಅಪ್ಪ ಒಂದು ಪಕ್ಕಕ್ಕೆ ವಾಲಿದರು. ಅವನು ಕೈ ಚಾಚಿ ಹಿಡಿದುಕೊಳ್ಳದಿದ್ದರೆ ಬಿದ್ದೇಬಿಡುತ್ತಿದ್ದರು.

"ನೋಡಿ, ನಿಮ್ಮಿಂದ ಬೀಳ್ತಿದ್ರು! ನಿಮಗೆ ಮನುಷ್ಯತ್ವ ಇದೆಯಾ? ಇನ್ನೊಂದು ಸಲ ನಮ್ಮನೆ ಕಡೆ ತಲೆ ಹಾಕಿದ್ರೆ ಸುಮ್ನಿರಲ್ಲ."

"ಸರಿಯಾಗಿ ಕೇಳಿದ್ರಿ ಡ್ರೈವರಮ್ಮ," ಅಂತ ಬಸ್ಸಿನ ಕಿಟಕಿಯಿಂದ ಯಾರೋ ದನಿಗೂಡಿಸಿದರು.

ಅವನು ತಲೆ ತಗ್ಗಿಸಿ ಹೊರಟುಹೋದ. ಎದುರು ಮಾತಾಡಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತೋ ಏನೋ.

ಸಂಜೆ ಮನೆಯಲ್ಲಿ ಅಪ್ಪ ಊಟದ ತಟ್ಟೆ ಪಕ್ಕಕ್ಕೆ ಸರಿಸಿದರು.

"ನಾನು ವಾಲಿದ್ದು ನೀನು ಎಳೆದಿದ್ದಕ್ಕೆ ಕಣಮ್ಮ. ನಾನೇ ಫೋನ್ ಮಾಡಿ ಕರೆದೆ, ನೀನು ಡ್ಯೂಟಿಗೆ ಹೋದಮೇಲೆ ಅವನು ದಿನಾ ಬರ್ತಿದ್ದ. ಮೊದಲು ಬಾಗಿಲ ತನಕ, ಆಮೇಲೆ ಗೇಟಿನ ತನಕ. ನಿನಗೆ ಹೇಳಬೇಡ ಅಂದಿದ್ದು ನಾನೇ. ನೀನು ಬಿಡ್ತಿದ್ಯಾ?"

"ಅಪ್ಪಾ... ಬಿದ್ದಿದ್ರೆ?"

"ನೀನು ಹಿಡ್ಕೊಂಡು ಹಿಡ್ಕೊಂಡು, ನನಗೆ ಕಾಲಿದೆ ಅನ್ನೋದೇ ಮರೆತುಹೋಗಿತ್ತು."

ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ತಪ್ಪು ನನ್ನದಾ? ಇರಬಹುದು. ಆದರೆ ಅವನಿಗೇನು ಬಾಯಿ ಬಿದ್ದುಹೋಗಿತ್ತಾ? ಮೊದಲ ದಿನವೇ ಬಿಡಿಸಿ ಹೇಳಿದ್ದರೆ ಗಂಟು ಹೋಗುತ್ತಿತ್ತಾ? ರಾತ್ರಿಯಿಡೀ ಅವನನ್ನು ಬೈದಳು. ಬೈಯುವಾಗೆಲ್ಲ, ತಲೆ ತಗ್ಗಿಸಿ ಹೋದ ಆ ಬೆನ್ನೇ ಕಣ್ಣಿಗೆ ಕಟ್ಟುತ್ತಿತ್ತು. ಹೋಗಿ ಕ್ಷಮೆ ಕೇಳಬೇಕು ಅಂದುಕೊಂಡಳು, ಆದರೆ ಬಿಗುಮಾನ ಬಿಡಲಿಲ್ಲ.

ತಿಂಗಳ ಕೊನೆ ಬಂದೇಬಿಟ್ಟಿತು. ಆ ಜಗಳದ ಮೇಲೆ ಅವನು ಬಂದಿರಲಿಲ್ಲ, ಅಪ್ಪನ ನಡಿಗೆಯೂ ಗೇಟು ದಾಟಿರಲಿಲ್ಲ. ಬೆಳಿಗ್ಗೆ ಅಣ್ಣ ಕಾರು ತಂದು ಗೇಟಿನ ಮುಂದೆ ನಿಲ್ಲಿಸಿದ. ಅವಳಿಗೆ ರಜೆ ಸಿಗಲಿಲ್ಲ. ಕಣ್ಣೊರೆಸಿಕೊಂಡೇ ಡ್ಯೂಟಿಗೆ ಹೋದಳು.

ಮಧ್ಯಾಹ್ನದ ಸುತ್ತಿನಲ್ಲಿ ತಮ್ಮ ರಸ್ತೆಯ ಸ್ಟಾಪಿಗೆ ಬಂದಾಗ ಅವಳ ಕಾಲು ತಾನಾಗಿ ಬ್ರೇಕ್ ಒತ್ತಿತು.

ಸ್ಟಾಪಿನಲ್ಲಿ ಅಪ್ಪ ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ. ಹಿಂದೆ ಅವನು.

ಅಪ್ಪ ಮೆಟ್ಟಿಲ ಪಕ್ಕದ ಕಂಬಿ ಹಿಡಿದು ಒಂದು ಕಾಲಿಟ್ಟರು. ಅವಳು ಸೀಟಿನಿಂದ ಅರ್ಧ ಎದ್ದಳು. ಆಗ ಬಾಗಿಲಾಚೆಯ ಕನ್ನಡಿ ಕಣ್ಣಿಗೆ ಬಿತ್ತು. ಎದುರಿನಿಂದ ಕಾಣದ್ದು ಅದರಲ್ಲಿ ಕಂಡಿತು.

ಅಪ್ಪನ ಬೆನ್ನಿನ ಹಿಂದೆ ಅವನ ಎರಡೂ ಕೈಗಳು ಅಗಲವಾಗಿ ತೆರೆದುಕೊಂಡಿದ್ದವು. ಮುಟ್ಟುತ್ತಿರಲಿಲ್ಲ, ದೂರವೂ ಹೋಗುತ್ತಿರಲಿಲ್ಲ. ಅಪ್ಪ ಒಂದು ಮೆಟ್ಟಿಲು ಏರಿದರೆ ಕೈಗಳೂ ಒಂದು ಮೆಟ್ಟಿಲು ಏರಿದವು.

ಅಯ್ಯೋ... ಅವತ್ತು ರಸ್ತೆಯಲ್ಲೂ ಹೀಗೇ ಇದ್ದನಾ? ಅವಳು ಸದ್ದಿಲ್ಲದೆ ಕೂತಳು. ಕೈ ಚಾಚದೆ ಇರುವುದು ಅವಳಿಗೆ ಅದೇ ಮೊದಲು, ಅದರ ಕಷ್ಟ ಗೊತ್ತಾಯಿತು.

ಅಪ್ಪ ಮೇಲೆ ಬಂದು ಮೊದಲ ಸೀಟಿನಲ್ಲಿ ಕೂತು ಉಸಿರು ಬಿಟ್ಟರು.

"ನಿಮ್ಮಣ್ಣ ಮನೇಲಿ ನನ್ನ ಬ್ಯಾಗ್ ತುಂಬ್ತಿದ್ದಾನೆ. ತುಂಬಲಿ. ನಾನು ನಿನ್ನ ಬಸ್ಸಲ್ಲಿ ಒಂದು ಸುತ್ತು ಹೋಗಿಬಂದು, ಅದನ್ನ ಖಾಲಿ ಮಾಡು ಅಂತೀನಿ."

ಅವಳು ನಕ್ಕಳು, ಅತ್ತಳು, ಎರಡೂ ಒಟ್ಟಿಗೇ. ಅವನು ಇನ್ನೂ ಕೆಳಗೇ ನಿಂತಿದ್ದ.

"ಅವರೇ ಕರೆದ್ರು, ಅದಕ್ಕೆ ಬಂದೆ," ಅಂದ. "ನೀವು ಬೈದಿದ್ದು ಸರಿ. ಮೊದಲ ದಿನವೇ ವಿವರಿಸಬೇಕಿತ್ತು. ನನಗೆ ಕಾಲಿನ ಭಾಷೆ ಬರುತ್ತೆ, ಮಾತು ಬರಲ್ಲ."

"ಬರಲ್ಲ ಅಂದ್ರೆ ಕಲೀಬೇಕು. ಒಂದು ತಿಂಗಳು ನನ್ನ ಹೊಟ್ಟೆ ಉರಿಸಿದ್ದೀರಿ."

"ಗೊತ್ತು. ದಿನಾ ನನ್ನ ಕ್ಲಿನಿಕ್ ಬಾಗಿಲಲ್ಲಿ ನಿಂತು ನಿಮ್ಮ ಬಸ್ ಹೋಗೋದು ನೋಡ್ತಿದ್ದೆ. ನೀವು ಒಂದು ದಿನವೂ ಈ ಕಡೆ ತಿರುಗಲಿಲ್ಲ."

ಅವಳ ಕಿವಿ ಬಿಸಿಯಾಯಿತು.

"ಯಾಕೆ ನೋಡ್ತಿದ್ರಿ?"

"ಇಷ್ಟ ಆಗಿದ್ರಿ, ಅದಕ್ಕೆ. ಅಪ್ಪನಿಗೋಸ್ಕರ ಅಷ್ಟು ಜಗಳ ಆಡೋರನ್ನ ನಾನು ನೋಡಿರಲಿಲ್ಲ."

ಹಿಂದಿನ ಸೀಟುಗಳಲ್ಲಿ ಗುಸುಗುಸು ಎದ್ದಿತು. ಅಪ್ಪ ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಇದೆ ಅನ್ನುವಂತೆ ಮುಖ ತಿರುಗಿಸಿದರು.

"ಕೋಪ ಹೋಯ್ತಾ?" ಅವನು ಮೆಲ್ಲಗೆ ಕೇಳಿದ.

"ಇಲ್ಲ."

"ಹಾಗಾದ್ರೆ... ನಾನು ಹೊರಡ್ಲಾ?"

ಅವಳು ಸ್ಟೀರಿಂಗ್ ಮೇಲಿದ್ದ ಒಂದು ಕೈ ತೆಗೆದು ಅವನ ಕಡೆ ಚಾಚಿದಳು.

"ಹತ್ತಿ. ಬೈಯೋದು ಇನ್ನೂ ಬಾಕಿ ಇದೆ."

ಅವನು ಆ ಕೈ ನೋಡಿದ, ಮೆಟ್ಟಿಲು ನೋಡಿದ.

"ನಾನೇ ಹತ್ತಬಲ್ಲೆ."

"ಗೊತ್ತು," ಅಂದಳು ಅವಳು. "ಆದ್ರೂ ಹಿಡ್ಕೊಳ್ಳಿ."