ಆರದ ಎಂಜಿನ್

ಹನ್ನೊಂದು ವರ್ಷ ಓಡದೆ ನಿಂತಿದ್ದ ಹಳೆಯ ಸ್ಪೋರ್ಟ್ಸ್ ಕಾರೊಂದನ್ನು ನಾನೂ ಅಕ್ಕ ಹೆಸ್ಟರಳೂ ಕೊಂಡು ಇಂಗ್ಲೆಂಡಿನ ಕೊವೆಂಟ್ರಿಯ ನಮ್ಮ ಗ್ಯಾರೇಜಿಗೆ ತಂದಿದ್ದೆವು. ಜನವರಿಯ ಒಂದು ಭಾನುವಾರ ಬೆಳಿಗ್ಗೆ ಅದರ ಎಂಜಿನ್ ಇಳಿಸಲು ಹೊರಟೆವು. ಕಾರಿನ ಮುಂಭಾಗವನ್ನು ಎರಡು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆವು. ಬಿಚ್ಚಿದ ಬೋಲ್ಟುಗಳನ್ನು ಅಕ್ಕ ಖಾಲಿ ಮಾರ್ಮಲೇಡ್ ಬಾಟಲಿಗಳಿಗೆ ಹಾಕಿ ಚೀಟಿ ಅಂಟಿಸಿದಳು.

ಬಾಡಿಗೆಗೆ ತಂದ ಕ್ರೇನಿನ ಸರಪಳಿ ಬಿಗಿಯಾದಾಗ ಎಂಜಿನ್ನಿನಿಂದ ಟಿಕ್, ಟಿಕ್ ಎಂಬ ಸದ್ದು ಕೇಳಿಸಿತು. ದೂರ ಓಡಿ ಬಂದ ಎಂಜಿನ್ ಆರುವಾಗ ಬರುವ ಸದ್ದು ಅದು.

"ಲೋ ನೆವಿಲ್, ಇದು ಬೆಚ್ಚಗಿದೆ ಕಣೋ," ಎಂದಳು ಕಾರಿನಡಿ ಮಲಗಿ ಗೇರ್‌ಬಾಕ್ಸನ್ನು ಕೈಯಿಂದ ಹಿಡಿದಿದ್ದ ಅಕ್ಕ.

"ಬ್ಯಾಟರೀನೇ ಇಲ್ಲ, ಬೆಚ್ಚಗಂತೆ! ಟೀ ಬೇಕಿದ್ರೆ ನೇರವಾಗಿ ಕೇಳು."

ನಾನು ಕ್ರೇನಿನ ಹಿಡಿ ಒತ್ತಿದೆ. ಎಂಜಿನ್ ಮೇಲೆ ಬರಲಿಲ್ಲ. ಕಾರಿನ ಮೂತಿಯೇ ಸ್ಟ್ಯಾಂಡುಗಳನ್ನು ಬಿಟ್ಟು ಎದ್ದಿತು. ಎಂಜಿನ್ನನ್ನು ಕಾರಿನ ಮೈಗೆ ಜೋಡಿಸುವ ದಪ್ಪ ತಾಮ್ರದ ಅರ್ತಿಂಗ್ ಪಟ್ಟಿಯನ್ನು ಬಿಚ್ಚಲು ಮರೆತಿದ್ದೆವು. ಅದು ನನಗೆ ಹೊಳೆಯುವಷ್ಟರಲ್ಲಿ ಅಕ್ಕ ಬೆನ್ನ ಮೇಲೆಯೇ ಜರ್ರನೆ ಹೊರಗೆ ಜಾರಿ ಬಂದಳು. ಮರುಕ್ಷಣ ಪಟ್ಟಿ ಹರಿಯಿತು. ಸ್ಟ್ಯಾಂಡುಗಳು ಉರುಳಿ, ಕಾರಿನ ಮೂತಿ ಅವಳ ತಲೆಯಿದ್ದ ಜಾಗಕ್ಕೆ ಅಪ್ಪಳಿಸಿತು.

"ಮುಠ್ಠಾಳ! ಕಾಲು ಹಿಡ್ದು ಹಾಗಾ ಎಳೆಯೋದು?" ಎಂದು ಅವಳು ಬೈದಳು. ಆಮೇಲೆ ನನ್ನ ಕೈಗಳನ್ನು ನೋಡಿದಳು. ಎರಡೂ ಇನ್ನೂ ಕ್ರೇನಿನ ಹಿಡಿಯ ಮೇಲಿದ್ದವು.

ಸಂಜೆಯೊಳಗೆ ಎಂಜಿನ್ ಇಳಿಸಿದೆವು. ಅದೀಗ ಗ್ಯಾರೇಜಿನ ಮೂಲೆಯಲ್ಲಿದೆ. ಬಾಗಿಲ ಬಳಿಯ ಬಕೆಟ್ಟಿನ ನೀರು ಚಳಿಗೆ ಹೆಪ್ಪುಗಟ್ಟಿದೆ. ಎಂಜಿನ್ ಇಳಿಸಿ ಇವತ್ತಿಗೆ ಒಂಬತ್ತು ದಿನ. ಬೆಳಿಗ್ಗೆ ಅದನ್ನು ಮುಟ್ಟಿ ನೋಡಿದೆ, ಇನ್ನೂ ಆರಿಲ್ಲ.