ಮಧ್ಯಾಹ್ನ ಉಕ್ಕಿದ ಹಾಲು

ಹೋದ ಏಪ್ರಿಲ್‌ನಲ್ಲಿ ನಡೆದದ್ದು, ನಡೆದ ಹಾಗೆಯೇ ಹೇಳುತ್ತೇನೆ. ಅವ್ವನ ಚಿಕಿತ್ಸೆಗೆ ಬೇಸಿಗೆಯ ಎರಡು ತಿಂಗಳು ರಾಯಚೂರಿನಲ್ಲೇ ಇರಬೇಕಿತ್ತು. ಮಾನ್ವಿಯಿಂದ ದಿನಾ ಬಸ್ಸಿನಲ್ಲಿ ಓಡಾಡುವ ಶಕ್ತಿ ಅವಳಿಗಿರಲಿಲ್ಲ. ಅಷ್ಟು ಕಡಿಮೆ ದಿನಕ್ಕೆ ಯಾರೂ ಮನೆ ಕೊಡಲಿಲ್ಲ. ಕಡೆಗೆ ಒಪ್ಪಿದವರು ರಂಜಾನಬಿ ಒಬ್ಬರೇ. ಅವರ ಕಟ್ಟಡದ ಮೂರನೇ ಮಹಡಿ. ನಾವು ಹೋದದ್ದು ನಡು ಮಧ್ಯಾಹ್ನ, ಮಾಳಿಗೆ ಕಾದ ಹೆಂಚಾಗಿತ್ತು. ಬಾಗಿಲು ತೆರೆದರೆ ಒಳಗಿನ ನೆಲ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ನಮ್ಮ ಪುಣ್ಯ ಅಂದುಕೊಂಡೆ.

ಊರಿಂದ ತಂದ ಗ್ಯಾಸ್ ಒಲೆ ಜೋಡಿಸಿ, ಪದ್ಧತಿಯಂತೆ ಮೊದಲು ಹಾಲು ಉಕ್ಕಿಸಲು ಇಟ್ಟೆ. ಅರ್ಧ ಗಂಟೆ ದೊಡ್ಡ ಉರಿಯಲ್ಲಿದ್ದರೂ ಕೆನೆಯೂ ಕಟ್ಟಲಿಲ್ಲ. ಬೆರಳು ಅದ್ದಿ ನೋಡಿದೆ. ಜೋಮು ಹಿಡಿಯುವಷ್ಟು ತಂಪು.

ಅವ್ವ ಹೊಸ್ತಿಲು ದಾಟಿರಲೇ ಇಲ್ಲ. "ಈ ಮನಿ ಇನ್ನಾ ಖಾಲಿ ಆಗಿಲ್ಲ. ನಡಿಯವ್ವಾ, ಊರಿಗೆ ಹೋಗೋಣು" ಅಂದಳು.

ಹಾಲಿನ ಪಾತ್ರೆ ಅಲ್ಲೇ ಬಿಟ್ಟು, ಒಲೆ ಹೊತ್ತು ಇಳಿದೆವು. ಕೆಳಗೆ ರಂಜಾನಬಿ ಬೀಗದ ಕೈ ಇಸಿದುಕೊಂಡರು.

ಚಿಕಿತ್ಸೆ ಅರ್ಧಕ್ಕೇ ನಿಂತಿತು. ಶ್ರಾವಣದ ಒಂದು ಮಧ್ಯಾಹ್ನ ಅವ್ವ ಮಾನ್ವಿಯಲ್ಲೇ ಹೋದಳು. ಇನ್ನೂ ಯಾರಿಗೂ ಸುದ್ದಿ ಮುಟ್ಟಿಸಿರಲಿಲ್ಲ, ಆಗಲೇ ಫೋನ್ ಬಂತು. ರಂಜಾನಬಿಯದು.

"ಅಕ್ಕಾರ, ನೀವು ಮ್ಯಾಲ ಬಿಟ್ಟು ಹೋಗಿದ್ರಲ್ಲ, ಆ ಹಾಲು ಈಗ ಉಕ್ಕಾಕತ್ತಾವ್ರಿ."

ನಾನು ನಮ್ಮ ಅಡುಗೆಮನೆಯಲ್ಲೇ ನಿಂತಿದ್ದೆ. ಅದೇ ಒಲೆ ನನ್ನ ಎದುರಿಗೇ ಇತ್ತು. ಸಾವಾದ ಮನೆಯೆಂದು ಅದನ್ನು ಯಾರೂ ಹೊತ್ತಿಸಿರಲಿಲ್ಲ.