ಇಪ್ಪತ್ತೆಂಟು ಬಂದ ಅಪ್ಪ

“ಮತ್ತ ಅರ್ಧಾ ರೊಟ್ಟಿ ಬಿಟ್ಟೀಯಲ್ಲೋ ಅಪ್ಪಾ!” ಸಾರಿಕಾ ತಾಟು ಎಳೆದು ನೋಡಿದಳು.

“ಹೊಟ್ಟಿ ತುಂಬ್ತು,” ಎಂದ ಅಪ್ಪ ರೇವಣ್ಣ. ಕಂಬಳಿ ಹೆಗಲಿಗೆ ಹಾಕಿ ಕುರಿ ಹೊಡೆದುಕೊಂಡು ಹೊರಟೇಬಿಟ್ಟ.

ಸುಳ್ಳು! ಅಪ್ಪಟ ಸುಳ್ಳು! ನಾಲ್ಕು ಜೋಳದ ರೊಟ್ಟಿ ತಿನ್ನುವ ಅಪ್ಪ ಎಂಟು ದಿನದಿಂದ ಒಂದೂವರೆ ರೊಟ್ಟಿಗೇ ಕೈ ತೊಳೆಯುತ್ತಿದ್ದ. ನಿನ್ನೆ ಕುರಿ ಕಾಯುವಾಗ ಕಣ್ಣಿಗೆ ಕತ್ತಲೆ ಬಂದು ಬದುವಿನ ಮೇಲೆ ಕುಸಿದು ಕೂತಿದ್ದನಂತೆ. ಇದಕ್ಕೆಲ್ಲ ಕಾರಣ ಯಾರು? ಸಾರಿಕಾನೇ.

ಶಾಲೆಯಲ್ಲಿ ಯೋಗಿರಾಜ ಸರ್ ಪ್ರಾಜೆಕ್ಟ್ ಕೊಟ್ಟಿದ್ದರು. ಮನೆಯ ದೊಡ್ಡವರ ಎತ್ತರ, ತೂಕ ಅಳೆದು, ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂದು ತೋರಿಸುವ ಬಿಎಂಐ ತೆಗೆಯಬೇಕು. ಕಿಲೋ ತೂಕವನ್ನು ಮೀಟರ್ ಎತ್ತರದಿಂದ ಎರಡು ಸಲ ಭಾಗಿಸಿದರೆ ಆಯಿತು. ಅಪ್ಪನಿಗೆ ಇಪ್ಪತ್ತೆಂಟು ಬಂತು. ಚಾರ್ಟ್ ಪ್ರಕಾರ ಇಪ್ಪತ್ತೈದು ದಾಟಿದವರು ದಪ್ಪ. ಊಟಕ್ಕೆ ಕೂತ ಎಲ್ಲರ ಮುಂದೆ ಸಾರಿಕಾ ಅದನ್ನು ದೊಡ್ಡ ದನಿಯಲ್ಲಿ ಓದಿಬಿಟ್ಟಿದ್ದಳು.

ಅವ್ವನ ತಮ್ಮ ಗುರುಸಿದ್ಧ ಮಾಮಾನೂ ಅಲ್ಲೇ ಇದ್ದ. ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಗೋದಾಮಿನಲ್ಲಿ ದಿನವಿಡೀ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವನು. ಕಡ್ಡಿಯಂಥ ಕೈಕಾಲು. ಅವನಿಗೆ ಬಂದದ್ದು ಬರೀ ಇಪ್ಪತ್ತೆರಡು.

“ದಾಜೀ, ಕುರಿಗಿ ಹಾಕೂದೆಲ್ಲಾ ನೀವ ತಿಂತೀರೇನ್ರಿ?” ಎಂದು ಮಾಮಾ ಭಾವನನ್ನು ಛೇಡಿಸಿದ. ಎಲ್ಲರೂ ಬಿದ್ದುಬಿದ್ದು ನಕ್ಕರು. ಅಪ್ಪನೂ ನಕ್ಕ. ಆದರೆ ಮರುದಿನದಿಂದಲೇ ರೊಟ್ಟಿ ಕಡಿಮೆಯಾಯಿತು. “ಸಾಲಿ ಕಲ್ತ ಮಗಳು ಲೆಕ್ಕಾ ಮಾಡಿ ಹೇಳ್ಯಾಳ, ಸುಳ್ಳ ಆಗ್ತದೇನು?” ಎನ್ನುತ್ತಿದ್ದ.

ಅಪ್ಪನ ಅವ್ವ, ಆಯಿ ಸಕ್ಕುಬಾಯಿಗೆ ಮಾತ್ರ ಸಿಟ್ಟು ಬಂದಿತ್ತು. “ಸಂತ್ಯಾಗ ಟಗರಿನ ತೂಕ ಅಷ್ಟ ಕೇಳಿ ಯಾರರ ತಗೋತಾರೇನ? ಬೆನ್ನ ಒತ್ತಿ ನೋಡ್ತಾರ. ಗಟ್ಟಿ ಹತ್ತಿದ್ರ ಮಾಂಸ, ಮೆತ್ತಗ ಹತ್ತಿದ್ರ ಕೊಬ್ಬು. ತಕ್ಕಡಿಗಿ ಏನ್ ತಿಳೀತದ, ಮಣ್ಣು!”

ಹೌದಲ್ಲ! ಸಾರಿಕಾ ಶಾಲೆಗೆ ಓಡಿದಳು.

“ಸರ್, ಮಾಂಸ ಯಾವುದು, ಕೊಬ್ಬು ಯಾವುದು ಅಂತ ಬಿಎಂಐಗೆ ಗೊತ್ತಾಗ್ತದೇನ್ರಿ?”

“ಇಲ್ಲವಾ, ಅದು ಬರೇ ಅಂದಾಜು,” ಎಂದರು ಸರ್. “ಕೊಬ್ಬು ಅಳಿಯೂ ಮಷಿನ್ ಬ್ಯಾರೇನೇ ಅದ. ರವಿವಾರ ಅಕ್ಕಲಕೋಟದಾಗ ಆರೋಗ್ಯ ಶಿಬಿರ ಇಟ್ಟಾರ. ರೊಕ್ಕಾ ಕೊಡೂದಿಲ್ಲ, ಫುಕಟ್.”

ಅಪ್ಪ ಒಪ್ಪಲಿಲ್ಲ. “ಕುರಿ ಯಾರು ಕಾಯ್ತಾರ?”

“ಆಯಿ ಕಾಯ್ತಾಳ. ನೀ ಬರ್ತೀನಿ ಅನ್ನೂತನಕಾ ನಾನೂ ಅರ್ಧಾ ರೊಟ್ಟಿನೇ ತಿನ್ನಾಕಿ!”

ಹೇಳಿದಂತೆಯೇ ಮಾಡಿದಳು ಹಟಮಾರಿ. ಎರಡನೇ ದಿನಕ್ಕೆ ಅಪ್ಪ ಸೋತ.

ರವಿವಾರ ಮಾಮಾನೂ ಜೊತೆಗೆ ಬಂದ. “ನಂದೂ ನೋಡೂಣು. ಕಡಿಮಿ ಕೊಬ್ಬಿನಾಗ ಫಸ್ಟ್ ನಂಬರ್ ನಂದೇ!”

ಬರಿಗಾಲಲ್ಲಿ ಮಷಿನ್ ಮೇಲೆ ನಿಂತು, ಹಿಡಿಕೆ ಹಿಡಿಯಬೇಕು. ಅಪ್ಪ ನಿಂತ. ಮಷಿನ್ ‘ಎರರ್’ ಎಂದಿತು. ಇನ್ನೊಮ್ಮೆ ನಿಂತ. ಮತ್ತೆ ಎರರ್. ಹಿಂದೆ ಪಾಳಿಯಲ್ಲಿದ್ದವರು ಗೊಣಗತೊಡಗಿದರು.

“ಅಂಗಾಲು ಭಾಳ ಒಣಗ್ಯಾವ, ಒಡದಾವ. ಮಷಿನ್‌ಗೆ ತಿಳೀವಲ್ದು,” ಎಂದರು ನರ್ಸ್‌ಬಾಯಿ. “ಇಳೀರಿ ಕಾಕಾ. ಮುಂದಿನವ್ರು ಬರ್ರಿ.”

ಅಪ್ಪ ನಾಚಿ ಕೆಳಗಿಳಿದ. “ನಡಿಯವ್ವಾ, ಹೋಗೂಣು.”

“ಅದ್ಹೆಂಗ ಹೋಗೂದು? ನಿಂದ್ರು ನೀ!”

ಸಾರಿಕಾ ಓಡಿಹೋಗಿ ನಳದಿಂದ ಚೊಂಬು ತುಂಬಿ ತಂದಳು. ಕಟ್ಟೆಯ ಮೇಲೆ ಅಪ್ಪನನ್ನು ಕೂರಿಸಿ, ಅವನ ಅಂಗಾಲಿಗೆ ನೀರು ಹಾಕಿ ಉಜ್ಜಿದಳು. ಹಿಮ್ಮಡಿ ಕಲ್ಲಿನ ಹಾಗಿತ್ತು. ಬಿರುಕುಗಳಲ್ಲಿ ಹೊಲದ ಕರಿಮಣ್ಣು ಕೂತಿತ್ತು. ದಿನಾ ಎಷ್ಟು ನಡೆಯುತ್ತಾನೆ ಅಪ್ಪ! ಇಂಥವನಿಗೆ ದಪ್ಪ ಅಂದೆನಲ್ಲಾ ಎಂದು ಅವಳಿಗೆ ಅಳುವೇ ಬಂತು. ಮೂಗು ಒರೆಸಿಕೊಂಡು ಇನ್ನಷ್ಟು ಜೋರಾಗಿ ಉಜ್ಜಿದಳು.

“ಈಗ ಹತ್ತು. ಹಸಿ ಇದ್ದಾಗಲೇ!”

ಮಷಿನ್ ‘ಟಿಣ್’ ಎಂದು ಸದ್ದು ಮಾಡಿತು. ಚೀಟಿ ಹೊರಬಂತು.

“ಕೊಬ್ಬು ಹದಿನೇಳೇ ಪರ್ಸೆಂಟ್!” ನರ್ಸ್‌ಬಾಯಿ ಹುಬ್ಬೇರಿಸಿದರು. “ಛಲೋ ಅದ ಕಾಕಾ. ನಿಮ್ದು ಗಟ್ಟಿ ಮೈ. ಊಟಾ ಬಿಡಬ್ಯಾಡ್ರಿ ಮತ್ತ.”

“ಹಂಗಾದ್ರ ಉಣಬಹುದೇನ್ರಿ?” ಅಪ್ಪ ಸಣ್ಣ ಹುಡುಗನಂತೆ ಕೇಳಿದ.

“ನಾಕೂ ರೊಟ್ಟಿ!” ಎಂದು ಸಾರಿಕಾ ಕುಣಿದಳು.

ಆಮೇಲೆ ಮಾಮಾ ಹತ್ತಿದ. ನರ್ಸ್‌ಬಾಯಿ ಚೀಟಿಯನ್ನು ಸಾರಿಕಾಳ ಕೈಗೆ ಕೊಟ್ಟು ಮೆಲ್ಲಗೆ ಹೇಳಿದರು, “ದಿನಾ ನಡೀಲಿಕ್ಕೆ ಹೇಳವಾ. ಡಾಕ್ಟರಿಗೂ ತೋರಸ್ಲಿ.”

ಸಾರಿಕಾ ಚೀಟಿ ನೋಡಿದಳು. ಮೂವತ್ತೊಂದು! ಇಪ್ಪತ್ತೆರಡು ಬಂದ ಮಾಮಾನಿಗೆ ಕೊಬ್ಬು ಮೂವತ್ತೊಂದು ಪರ್ಸೆಂಟ್!

“ಎಷ್ಟ ಬಂತಲೇ? ಓದು ಓದು!” ಎಂದ ಮಾಮಾ. ಪಾಳಿಯಲ್ಲಿದ್ದವರೆಲ್ಲ ಇತ್ತ ತಿರುಗಿದರು.

ಕುರಿಗಿ ಹಾಕೂದು ಯಾರು ತಿಂತಾರ ಮಾಮಾ? ಮಾತು ನಾಲಿಗೆಯ ತುದಿಗೇ ಬಂದಿತ್ತು. ಆದರೆ ಮಾಮಾ ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ. ಸುತ್ತಲಿನವರನ್ನು ನೋಡಿ ಸುಮ್ಮಸುಮ್ಮನೆ ನಗುತ್ತಿದ್ದ. ಅವತ್ತು ಊಟಕ್ಕೆ ಕೂತಾಗ ಅಪ್ಪ ನಕ್ಕದ್ದೂ ಹೀಗೇ. ಸಾರಿಕಾಗೆ ಆ ನಗು ಈಗ ಗುರುತು ಸಿಕ್ಕಿತು.

ಅವಳು ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮಾಮಾನ ಅಂಗಿಯ ಕಿಸೆಗೆ ಹಾಕಿದಳು.

“ಮನಿಗಿ ಹೋಗಿ ನೀನ ಓದ್ಕೋ ಮಾಮಾ,” ಎಂದಳು, ಅವನಿಗಷ್ಟೇ ಕೇಳುವಂತೆ.